ನಾರ್ಡ್‌ಶ್ಲೈಫೆಯ ತಿರುವುಗಳು

ಜರ್ಮನಿಯ ಐಫೆಲ್ ಬೆಟ್ಟಗಳ ನಡುವೆ, ನ್ಯೂರ್ಬುರ್ಗ್ ಎಂಬ ಪುರಾತನ ದುರ್ಗವನ್ನು ಬಳಸಿಕೊಂಡು, ನಿರುದ್ಯೋಗದಿಂದ ಬಳಲುತ್ತಿದ್ದ ಆ ಸೀಮೆಯ ಜನರಿಗೆ ಕೆಲಸವನ್ನೊದಗಿಸುವ ಉದ್ದೇಶವನ್ನೂ ಹೊತ್ತು 1925ರಲ್ಲಿ ಆರಂಭವಾಗಿ 1927ರಲ್ಲಿ ಸಿದ್ಧವಾದ ರೇಸ್ ಹಾದಿಯ ಉತ್ತರಭಾಗವೇ ನಾರ್ಡ್‌ಶ್ಲೈಫೆ. ಸುಮಾರು 20.8 ಕಿಲೋಮೀಟರ್ ಉದ್ದ, 70ಕ್ಕೂ ಮಿಕ್ಕ ತಿರುವುಗಳು, 300 ಮೀಟರಿನಷ್ಟು ಏರಿಳಿತ. ರೇಸ್ ಚಾಲಕ ಜಾಕಿ ಸ್ಟ್ಯುವರ್ಟ್ ಇದನ್ನು ‘ಹಸಿರು ನರಕ’ವೆಂದು ಕರೆದದ್ದು ಸುಪ್ರಸಿದ್ಧ. 1976ರ ಆಗಸ್ಟ್ 1ರಂದು ನಿಕಿ ಲೌಡಾ ಬೆರ್ಗ್‌ವೆರ್ಕ್ ತಿರುವಿಗೆ ಸ್ವಲ್ಪ ಮೊದಲು ಅಗ್ನಿಗೆ ಸಿಲುಕಿ ಬದುಕಿ ಬಂದ ಬಳಿಕ ಫಾರ್ಮುಲಾ ಒನ್ ಈ ಹಾದಿಯನ್ನು ತೊರೆಯಿತು, ಹವ್ಯಾಸಿ ಚಾಲಕನಾದರೋ ತೊರೆಯಲಿಲ್ಲ. ನಿಯತವಾದ ದಿನಗಳಲ್ಲಿ ಹಣ ತೆತ್ತ ಯಾವನೇ ಆಗಲಿ ತನ್ನ ಸ್ವಂತ ಕಾರನ್ನು ಇಲ್ಲಿ ಓಡಿಸಬಹುದು. ಆ ಹೊತ್ತಿನಲ್ಲಿ ಇದು ಏಕಮುಖ ಸಂಚಾರದ ಸುಂಕದ ರಸ್ತೆಯೆಂದೇ ಪರಿಗಣಿತವಾಗಿ, ಜರ್ಮನಿಯ ಸಾಮಾನ್ಯ ರಸ್ತೆಯ ನಿಯಮಗಳಿಗೆ ಒಳಪಡುತ್ತದೆ.

ಹೀಗೆ ಬಂದ ಹವ್ಯಾಸಿಯ ಮನಸ್ಸಿನಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ನೆಲೆಗೊಂಡಿರುವುದು, ರೇಸ್ ಚಾಲಕ ಕರಾಚಿಯೋಲನ ಹೆಸರನ್ನು ಹೊತ್ತ ಕರೂಸೆಲ್ ತಿರುವು. ಕಾಂಕ್ರೀಟಿನ ಓರೆಹಾಸಿನ ಮೇಲೆ ಗಡಗಡನೆ ಸದ್ದು ಮಾಡುತ್ತ ಕಾರು ಅರ್ಧವೃತ್ತಕ್ಕೂ ಹೆಚ್ಚು ಸುತ್ತಿ ಬರುವ ಆ ನೋಟವು ಛಾಯಾಚಿತ್ರಕ್ಕೆ ಒಪ್ಪುವಂಥದೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಿರುವಿನ ಯೋಗ್ಯತೆಯನ್ನು ಕೀರ್ತಿಯಿಂದ ಅಳೆಯಲಾಗದು. ಅದರ ಪ್ರವೇಶವು ಕಣ್ಣಿಗೆ ಮರೆಯಾಗಿದೆಯೆಂಬುದೊಂದನ್ನು ಬಿಟ್ಟರೆ, ಒಳಕ್ಕಿಳಿದ ಕಾರನ್ನು ಆ ಹಾಸೇ ಹಿಡಿದು ನಡೆಸುತ್ತದೆ. ವೇಗವೂ ಅಲ್ಲಿ ಮಿತವಾದುದೇ. ನನ್ನ ಮಟ್ಟಿಗೆ ಇದು ಚಾಲಕನನ್ನು ರಂಜಿಸುವಷ್ಟು ಪರೀಕ್ಷಿಸುವುದಿಲ್ಲ.

ನಿಜವಾದ ಪರೀಕ್ಷೆ ನಡೆಯುವುದು ಆಡೆನಾವರ್ ಫೋರ್ಸ್ಟ್‌ನಲ್ಲಿ. ಅದಕ್ಕೆ ಮೊದಲು ಬರುವ ಫುಕ್ಸ್‌ರೋರೆಯ ಕಡಿದಾದ ಇಳಿಜಾರಿನಲ್ಲಿ ವೇಗವು ಬೇಡದೆಯೇ ಒದಗಿ ಬರುತ್ತದೆ. ತಗ್ಗಿನ ತಳದಲ್ಲಿ ಕಾರು ನೆಲಕ್ಕೆ ಅದುಮಿಕೊಂಡು, ಟೈರುಗಳಿಗೆ ಕ್ಷಣಕಾಲ ಅಧಿಕವಾದ ಹಿಡಿತ ಲಭಿಸಿ, ಚಾಲಕನಲ್ಲಿ ತಾನು ಗಳಿಸಿಕೊಳ್ಳದ ಒಂದು ಧೈರ್ಯ ಮೂಡುತ್ತದೆ. ಆ ಧೈರ್ಯ ಇಳಿಯುವುದರೊಳಗಾಗಿಯೇ ಹಾದಿ ಮೇಲೇರಿ, ದಿಬ್ಬದ ಆಚೆಗೇನಿದೆಯೆಂಬುದು ತೋರದಿರುವಾಗಲೇ, ಎಡಕ್ಕೂ ಒಡನೆಯೇ ಬಲಕ್ಕೂ ಹೊರಳುವ ನಿಧಾನಗತಿಯ ಜೋಡಿ ತಿರುವು ಎದುರಾಗುತ್ತದೆ. ತಿರುವನ್ನು ಕಂಡಮೇಲೆ ಬ್ರೇಕ್ ಹಿಡಿಯುವೆನೆಂಬವನಿಗೆ ಅದಾಗಲೇ ಕಾಲ ಮೀರಿರುತ್ತದೆ. ಗಂಟೆಗೆ 100 ಕಿಲೋಮೀಟರ್ ಬದಲಿಗೆ 120ರಲ್ಲಿ ಅದೇ ವಕ್ರವನ್ನು ಹಾಯುವವನ ಟೈರುಗಳು ಶೇಕಡ 44ರಷ್ಟು ಹೆಚ್ಚಿನ ಪಾರ್ಶ್ವಬಲವನ್ನು ತಾಳಬೇಕು. ಗಾಬರಿಗೊಂಡು ನಡುತಿರುವಿನಲ್ಲಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದನೋ, ಭಾರವು ಮುಂದಕ್ಕೆ ವಾಲಿ ಹಿಂದಿನ ಗಾಲಿಗಳು ಹಗುರಾಗಿ ಕಾರು ಬುಗುರಿಯಂತೆ ತಿರುಗುತ್ತದೆ. ಬೇಲಿಯ ಆಚೆ ಪ್ರೇಕ್ಷಕರು ಕ್ಯಾಮೆರಾ ಹಿಡಿದು ಕಾದಿರುವುದೂ ಇದಕ್ಕಾಗಿಯೇ. ಅವರ ಅಭಿರುಚಿಯನ್ನು ಮೆಚ್ಚುವುದು ಕಷ್ಟ, ಸ್ಥಳದ ಆಯ್ಕೆಯನ್ನು ಮಾತ್ರ ಮೆಚ್ಚಲೇಬೇಕು.

ಬೆರ್ಗ್‌ವೆರ್ಕ್ ಬೇರೊಂದು ಗುಣವನ್ನು ಬಯಸುತ್ತದೆ. ಅದರ ಮುಂದೆ ಕೆಸ್ಸೆಲ್ಶೆನ್‌ನ ದೀರ್ಘವಾದ ಏರು ಇರುವುದರಿಂದ, ಪ್ರವೇಶದಲ್ಲಿ ಸಂಯಮ ತೋರಿ ನಿರ್ಗಮನದಲ್ಲಿ ಬೇಗನೆ ವೇಗವನ್ನು ಪಡೆದವನಿಗೆ ಏರಿನುದ್ದಕ್ಕೂ ಲಾಭವುಂಟು. ಒಳಹೊಗುವಾಗ ಶೌರ್ಯ ಮೆರೆದವನು ಆ ಏರನ್ನೆಲ್ಲ ಪಶ್ಚಾತ್ತಾಪದಲ್ಲಿ ಹತ್ತಬೇಕು. ಧೈರ್ಯಕ್ಕಿಂತ ಸ್ಮೃತಿಗೂ ಸಂಯಮಕ್ಕೂ ಹೆಚ್ಚು ಬೆಲೆಯನ್ನೀಯುವ ಈ ಗುಣವೇ, ಪ್ರಾಯಶಃ, ನಾರ್ಡ್‌ಶ್ಲೈಫೆಯನ್ನು ಇತರ ಹಾದಿಗಳಿಂದ ಪ್ರತ್ಯೇಕಿಸುವ ಲಕ್ಷಣ.

ಇಷ್ಟನ್ನು ಮೆಚ್ಚಿದಮೇಲೂ, ಹವ್ಯಾಸಿಯ ಪಾಠಶಾಲೆಯೆಂಬ ನೆಲೆಯಲ್ಲಿ ಇದಕ್ಕೊಂದು ದೊಡ್ಡ ಕೊರತೆಯಿದೆ. ಕಲಿಕೆಯು ಪುನರಾವರ್ತನೆಯನ್ನು ಬೇಡುತ್ತದೆ. ಬೆಂಗಳೂರಿನ ಹವ್ಯಾಸಿಗಳು ಹೋಗುವ, ಚೆನ್ನೈ ಸಮೀಪದ ಇರುಂಗಾಟುಕೋಟೈ ಹಾದಿಯ ಉದ್ದ ಸುಮಾರು 3.7 ಕಿಲೋಮೀಟರ್, ಅಲ್ಲಿ ಮಾಡಿದ ತಪ್ಪು ಕೆಲವೇ ನಿಮಿಷಗಳಲ್ಲಿ ಮತ್ತೆ ಅದೇ ತಿರುವಿನ ರೂಪದಲ್ಲಿ ಎದುರಿಗೆ ಬಂದು ತಿದ್ದುಪಡಿಯನ್ನು ಕೇಳುತ್ತದೆ. ನಾರ್ಡ್‌ಶ್ಲೈಫೆಯಲ್ಲಾದರೋ, ಆಡೆನಾವರ್ ಫೋರ್ಸ್ಟ್‌ನಲ್ಲಿ ಎಡವಿದವನು ಅದನ್ನು ಸರಿಪಡಿಸಿಕೊಳ್ಳುವ ಮುನ್ನ 20 ಕಿಲೋಮೀಟರುಗಳನ್ನೂ ಹತ್ತಾರು ತಿರುವುಗಳನ್ನೂ ದಾಟಬೇಕು. ಅಷ್ಟರೊಳಗೆ ಒಂದೆಡೆ ಬಿಸಿಲಿದ್ದು ಮತ್ತೊಂದೆಡೆ ಮಳೆ ಸುರಿದು ಹಾದಿಯ ಸ್ವಭಾವವೇ ಬದಲಾಗಿರುವುದೂ ಉಂಟು. ಅಂಚಿನ ಕಬ್ಬಿಣದ ತಡೆಗಳು ಹಾದಿಗೆ ಅತಿ ಸಮೀಪವಾಗಿರುವುದರಿಂದ ತಪ್ಪಿಗೆ ಅವಕಾಶವೂ ಅತ್ಯಲ್ಪ. ಅದೇ ಸಮಯದಲ್ಲಿ ಅತಿವೇಗದ ಕಾರುಗಳು ಹಿಂದಿನಿಂದ ನುಗ್ಗಿ ಬರುತ್ತಿರುವಾಗ, ಹೊಸಬನ ಗಮನದಲ್ಲಿ ಅರ್ಧಭಾಗ ಹಿನ್ನೋಟದ ಕನ್ನಡಿಗೇ ಮೀಸಲಾಗಿ, ತಿರುವಿಗೆ ಉಳಿಯುವುದು ಇನ್ನರ್ಧ ಮಾತ್ರ. ಆದಕಾರಣ ಹಾದಿಯನ್ನು ಭಾಗಭಾಗವಾಗಿ ವಿಂಗಡಿಸಿ, ಬೋಧಕನ ಕಾರಿನ ಹಿಂದೆ ಒಂದೇ ತುಣುಕಿನಲ್ಲಿ ಮರಳಿ ಮರಳಿ ಓಡಿಸಿ ಕಲಿಸುವ ತರಬೇತಿಯ ಪದ್ಧತಿಯನ್ನೇ, ವೆಚ್ಚ ಅಧಿಕವಾದರೂ, ನಾನು ಎತ್ತಿಹಿಡಿಯುತ್ತೇನೆ. ಚೀಟಿ ಕೊಂಡವನನ್ನೆಲ್ಲ ನೇರವಾಗಿ ಫುಕ್ಸ್‌ರೋರೆಯ ಇಳಿಜಾರಿಗೆ ಬಿಡುವ ಉದಾರತೆಯನ್ನು ಶಿಕ್ಷಣವೆಂದು ಒಪ್ಪಲು ನನಗೆ ಮನಸ್ಸು ಬಾರದು.