ಉತ್ತರಿಸುವಂತಿಲ್ಲದವರಿಗೆ ಬರೆದ ಪತ್ರ

ಅಮೆರಿಕದ ಕಾಲೇಜು ಟೆನಿಸ್‌ಗೆ ಮಕ್ಕಳನ್ನು ಕಳಿಸಲು ಹೊರಟ ಮನೆಗಳಲ್ಲಿ ಕೋಚ್‌ಗೆ ಬರೆಯುವ ಮೊದಲ ಇಮೇಲ್‌ಗೆ ಮಂತ್ರದ ಮರ್ಯಾದೆ ಬಂದುಬಿಟ್ಟಿದೆ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದ ಪರ 2007, 2008ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಸಿಂಗಲ್ಸ್ ಪ್ರಶಸ್ತಿ ಗೆದ್ದ ಕಥೆ ಎಲ್ಲರಿಗೂ ಗೊತ್ತು. ಆಟಗಾರರ ಮಟ್ಟ ಅಳೆಯುವ ಯುಟಿಆರ್ ಅಂಕ, ಕಾಲೇಜುಗಳ ಡಿವಿಷನ್, ಸ್ಕಾಲರ್‌ಶಿಪ್‌ಗಳ ಲೆಕ್ಕವೂ ಗೊತ್ತು. ಆದರೆ ಆ ಪತ್ರವನ್ನು ಬರವಣಿಗೆಯೆಂದು ಯಾರೂ ಓದಿದಂತಿಲ್ಲ. ಬೆಂಗಳೂರಿನ ಪರಿಚಿತರ ಮಕ್ಕಳು ತಿದ್ದಿಕೊಡಿ ಎಂದು ತಂದ ಇಂಥ ಪತ್ರಗಳನ್ನು ಕೆಲವು ವರ್ಷಗಳಿಂದ ಓದುತ್ತಿದ್ದೇನೆ. ಎಲ್ಲವೂ ಒಂದೇ ಅಚ್ಚಿನವು. ಆ ಅಚ್ಚೇ ಕೆಟ್ಟದ್ದು.

ಹದಿನೈದರ ಹುಡುಗಿಯೊಬ್ಬಳು ತಂದ ಪತ್ರದ ಮೊದಲ ವಾಕ್ಯವನ್ನು ಕನ್ನಡದಲ್ಲಿ ಹೇಳುವುದಾದರೆ: ‘ನಿಮ್ಮ ತಂಡದ ಇತ್ತೀಚಿನ ಯಶಸ್ಸಿಗೆ ಅಭಿನಂದನೆಗಳು; ನಿಮ್ಮ ಪ್ರೋಗ್ರಾಮ್‌ನಲ್ಲಿ ನನಗೆ ಅಪಾರ ಆಸಕ್ತಿಯಿದೆ.’ ಯಾವ ಯಶಸ್ಸು? ಈ ಮಾತು ಸ್ಟ್ಯಾನ್‌ಫರ್ಡ್‌ಗೂ ಸಲ್ಲುತ್ತದೆ, ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲದ ಡಿವಿಷನ್ ಮೂರರ ಪುಟ್ಟ ಕಾಲೇಜಿಗೂ ಸಲ್ಲುತ್ತದೆ. ‘ಪ್ರೋಗ್ರಾಮ್’ ಎಂಬ ಒಂದೇ ಪದದೊಳಗೆ ತಂಡ, ತರಗತಿ, ಕೋಚ್, ಊರು ಎಲ್ಲ ಕಲಸಿಹೋಗಿ ಯಾವುದೂ ಕಾಣುವುದಿಲ್ಲ. ಇನ್ನು ‘ಅಪಾರ’ ಹದಿನೈದರ ಹುಡುಗಿಯ ಬಾಯಿಗೆ ಬರುವ ಪದವೇ? ಅದರಲ್ಲಿ ಅಪ್ಪನ ದನಿ ಕೇಳುತ್ತದೆ. ‘ನಿಮ್ಮ’ ಎರಡು ಸಲ ಬಂದಿದೆ. ಆ ‘ನೀವು’ ಯಾರೆಂದು ಬರೆದವಳಿಗೇ ತಿಳಿಯದು.

ಅದೇ ಹುಡುಗಿಯ ಪತ್ರದ ಮೂರನೇ ಪ್ಯಾರಾವನ್ನು ಕಾಲೇಜು ಪ್ರವೇಶದ ಸಲಹೆಗಾರರೊಬ್ಬರು ಗೆರೆ ಎಳೆದು ಹೊಡೆದುಹಾಕಿದ್ದರು. ಅಲ್ಲಿದ್ದದ್ದು ಇಷ್ಟು: ತನ್ನ ಎರಡನೇ ಸರ್ವ್ ಮೆತ್ತಗಿದೆ, ಆರು ತಿಂಗಳಿಂದ ಕಿಕ್ ಸರ್ವ್ ರೂಢಿಸಿಕೊಳ್ಳುತ್ತಿದ್ದೇನೆ, ಜೊತೆಗಿಟ್ಟಿರುವ ವಿಡಿಯೊ ತಾನು ಸೋತ ಒಂದು ಪೂರ್ತಿ ಪಂದ್ಯದ್ದು. ಓದುತ್ತಿದ್ದಂತೆ ನನಗೆ ಅಂಗಳದಲ್ಲಿ ನಿಂತ ಆಟಗಾರ್ತಿ ಕಂಡಳು. ಹೊಡೆದು ಹಾಕಬೇಕಾದದ್ದು ಮೊದಲ ವಾಕ್ಯ.

ವಿಷಯದ ಸಾಲಿನಲ್ಲಿ ಶಾಲೆ ಮುಗಿಸುವ ವರ್ಷ, ಯುಟಿಆರ್ ಬರೆಯಲು ಕಲಿಸಿದ್ದಕ್ಕೆ ಸಲಹೆಗಾರರಿಗೆ ಮೆಚ್ಚುಗೆ ಸಲ್ಲಬೇಕು. ಆದರೆ ಅಂಕಿಯಷ್ಟೇ ಸಾಕು, ಉಳಿದದ್ದೆಲ್ಲ ಅಲಂಕಾರ ಎನ್ನುವ ಅವರ ಪಂಥದೊಡನೆ ನನ್ನ ಜಗಳ ಮುಗಿಯುವಂಥದ್ದಲ್ಲ. ಯುಟಿಆರ್ ಕೋಚ್‌ಗೆ ಹುಡುಕಿದರೆ ಸಿಗುತ್ತದೆ. ಅಂಕಿಯ ಮೇಲೆ ಅಷ್ಟು ಭಕ್ತಿಯಿದ್ದರೆ ಅವರು ತಂಡದ ಪಟ್ಟಿಯನ್ನೇಕೆ ಎಣಿಸಲು ಹೇಳುವುದಿಲ್ಲ? ಕಾಲೇಜು ಕ್ರೀಡೆ ಕುರಿತ ಹೌಸ್ ಮೊಕದ್ದಮೆಯ 2025ರ ಒಪ್ಪಂದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ಟೆನಿಸ್ ತಂಡಕ್ಕೆ 10 ಜನರ ಮಿತಿ. ಬೇರೆ ಕಾಲೇಜುಗಳಿಂದ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬರುವವರೂ ಅದರೊಳಗೇ. ಯಾರು ಯಾವ ವರ್ಷ ಪದವಿ ಮುಗಿಸಿ ಹೊರಡುತ್ತಾರೆಂದು ಎಣಿಸಿ, ನಾನು ಸೇರುವ ವರ್ಷ ಜಾಗ ತೆರವಾಗುತ್ತದೆಯೇ ಎಂದು ನೇರವಾಗಿ ಕೇಳುವ ಹುಡುಗಿ ಆ ತಂಡವನ್ನು ನಿಜವಾಗಿ ನೋಡಿದ್ದಾಳೆ.

ಎಲ್ಲರೂ ಕಡೆಗಣಿಸಿರುವುದು ಮೊದಲನೆಯದಕ್ಕೆ ಉತ್ತರ ಬಾರದಿದ್ದಾಗ ಬರೆಯಬೇಕಾದ ಎರಡನೇ ಪತ್ರವನ್ನು. ಅಮೆರಿಕದ ಲೆಕ್ಕದ ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರವರೆಗೆ ಡಿವಿಷನ್ ಒಂದರ ಟೆನಿಸ್ ಕೋಚ್ ಪ್ರಶ್ನಾವಳಿಯನ್ನೋ ಶಿಬಿರದ ವಿವರವನ್ನೋ ಕಳಿಸಬಹುದಷ್ಟೇ. ತಂಡಕ್ಕೆ ಸೇರಿಸಿಕೊಳ್ಳುವ ಮಾತು ಬರೆಯುವಂತಿಲ್ಲ. ವಿದ್ಯಾರ್ಥಿ ಮಾತ್ರ ಯಾವಾಗ ಬೇಕಾದರೂ ಬರೆಯಬಹುದು. ನಿಯಮದ ಈ ಮೌನವನ್ನು ಮಕ್ಕಳು ತಿರಸ್ಕಾರವೆಂದು ಓದಿಕೊಂಡು ಕುಗ್ಗುತ್ತಾರೆ. ಮೊದಲೇ ಹೇಳಿಕೊಡದ ದೊಡ್ಡವರ ಮೇಲೆ ನನಗೆ ಕೋಪವಿದೆ. ಆ ಮೌನದೊಳಗೆ ಮೊದಲ ಪತ್ರವನ್ನೇ ಮತ್ತೆ ಕಳಿಸಿ ‘ನೋಡಿದಿರಾ?’ ಎಂದರೆ ಏನೂ ಬೆಳೆಯುವುದಿಲ್ಲ.

ಆ ಹುಡುಗಿ ನಾಲ್ಕು ತಿಂಗಳ ಮೇಲೆ ಬರೆದ ಎರಡನೆಯದು ಐದೇ ಸಾಲು. ಕಿಕ್ ಸರ್ವ್ ಈಗ ಪುಟಿದು ಎದುರಾಳಿಯ ಭುಜದವರೆಗೆ ಏಳುತ್ತಿದೆ, ಆದರೆ ಮೂರನೇ ಸೆಟ್ಟಿನಲ್ಲಿ ಕಾಲು ಸೋಲುತ್ತಿದೆ ಎಂದಿತ್ತು. ಜೊತೆಗೆ ಇನ್ನೊಂದು ಪೂರ್ತಿ ಪಂದ್ಯ.