ನಾಲ್ಕು ಡಿಗ್ರಿಯ ಲೆಕ್ಕ

ಔಷಧವೊಂದು ರಕ್ತದಿಂದ ಯಕೃತ್ತಿನ ಕೋಶದೊಳಕ್ಕೆ ಎಷ್ಟು ಬೇಗ ಸೇರುತ್ತದೆ ಎಂದು ಅಳೆಯಲು ಪ್ರಯೋಗಾಲಯಗಳು ಇಂದಿಗೂ ನೆಚ್ಚಿಕೊಂಡಿರುವುದು ಬಿಡಿ ಕೋಶಗಳನ್ನೇ. 1969ರಲ್ಲಿ ಬೆರಿ ಮತ್ತು ಫ್ರೆಂಡ್ ಎಂಬ ವಿಜ್ಞಾನಿಗಳು ಕೊಲಾಜಿನೇಸ್ ಕಿಣ್ವ ಹರಿಸಿ ಇಲಿಯ ಯಕೃತ್ತಿನ ಕೋಶಗಳನ್ನು ಜೀವಂತವಾಗಿ ಬಿಡಿಸಿದ ಮೇಲೆ ಇದು ಸುಲಭವಾಯಿತು. ಕೋಶಗಳನ್ನು ಔಷಧದ ದ್ರಾವಣದಲ್ಲಿ ತುಸು ಹೊತ್ತು ಇಟ್ಟು, ಸಿಲಿಕೋನ್ ಎಣ್ಣೆಯಿರುವ ಪುಟ್ಟ ನಳಿಕೆಗೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ಕೋಶಗಳು ಎಣ್ಣೆಯನ್ನು ದಾಟಿ ತಳ ಸೇರುತ್ತವೆ, ದ್ರಾವಣ ಮೇಲೇ ನಿಲ್ಲುತ್ತದೆ. ತೊಳೆಯುವ ರಗಳೆಯಿಲ್ಲ. ಇಷ್ಟು ಸರಳವಾದ ಉಪಾಯವನ್ನು ಮೆಚ್ಚದೆ ಇರಲಾಗದು.

ತಕರಾರು ಇರುವುದು ಆಮೇಲಿನ ಲೆಕ್ಕದ ಬಗ್ಗೆ. 37 ಡಿಗ್ರಿಯಲ್ಲಿ ಒಳಹೋದದ್ದರಿಂದ 4 ಡಿಗ್ರಿಯಲ್ಲಿ ಒಳಹೋದದ್ದನ್ನು ಕಳೆದು, ಮಿಕ್ಕದ್ದೆಲ್ಲ ಪೊರೆಯ ವಾಹಕ ಪ್ರೋಟೀನುಗಳ ಕೆಲಸ ಎನ್ನುವುದು ರೂಢಿ. ಚಳಿಯಲ್ಲಿ ವಾಹಕಗಳು ಕೈಕಟ್ಟಿ ಕೂರುತ್ತವೆ, ತಾನಾಗಿ ನುಸುಳುವುದಷ್ಟೇ ನಡೆಯುತ್ತದೆ ಎಂಬ ನಂಬಿಕೆ. ಆದರೆ ಅದೇ ಚಳಿಗೆ ಪೊರೆಯ ಕೊಬ್ಬೂ ಗಟ್ಟಿಯಾಗಿ ನುಸುಳುವಿಕೆಯೂ ಕುಗ್ಗುತ್ತದೆ. ಹೀಗಾಗಿ ವಾಹಕಗಳ ಪಾಲು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. 37 ಡಿಗ್ರಿಯಲ್ಲೇ ರಿಫಾಂಪಿಸಿನ್ ಔಷಧ ಬೆರೆಸಿ, ಯಕೃತ್ತಿನ ಕೋಶದೊಳಕ್ಕೆ ಔಷಧ ಸಾಗಿಸುವ ಓಎಟಿಪಿ ಎಂಬ ವಾಹಕಗಳನ್ನು ತಡೆದು ನೋಡುವುದು ಹೆಚ್ಚು ಪ್ರಾಮಾಣಿಕ. ಅದು ಎಲ್ಲ ವಾಹಕಗಳನ್ನೂ ತಡೆಯದು, ನಿಜ. ಆದರೆ ಆ ಕೊರತೆಯನ್ನು ಬಚ್ಚಿಡುವಂತಿಲ್ಲವಲ್ಲ.

ಪ್ರಮಾಣದ ವಿಷಯದಲ್ಲೂ ಈ ಪರೀಕ್ಷೆ ಸೋಲುತ್ತದೆ. ದೇಹದಲ್ಲಿ ಅನೇಕ ಔಷಧಗಳು ರಕ್ತದ ಅಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡೇ ಯಕೃತ್ತಿಗೆ ಬರುತ್ತವೆ. ನಳಿಕೆಯಲ್ಲಿ ಸಾಮಾನ್ಯವಾಗಿ ಅಲ್ಬುಮಿನ್ ಇರುವುದೇ ಇಲ್ಲ. ಹಿಮದಲ್ಲಿ ಕೂಡಿಟ್ಟ ಕೋಶಗಳ ವಾಹಕಗಳಿಗೂ ಪೆಟ್ಟು ಬಿದ್ದಿರಬಹುದು. ಸ್ಟ್ಯಾಟಿನ್‌ಗಳಂಥ ಔಷಧಗಳನ್ನು ಯಕೃತ್ತು ರಕ್ತದಿಂದ ತೆಗೆಯುವ ವೇಗವನ್ನು ಈ ಅಂಕಿಗಳು ಬಹಳ ಸಲ ಕಡಿಮೆಯಾಗಿಯೇ ಹೇಳುತ್ತವೆ. ಆ ಅಂತರ ಮುಚ್ಚಲು ತಿದ್ದುಪಡಿಯ ಗುಣಕ ಹಚ್ಚುವುದು ನನಗೆ ತೇಪೆಯಂತೆಯೇ ಕಾಣುತ್ತದೆ.

ಔಷಧ ಯಾವ ಬಾಗಿಲಿನಿಂದ, ಅಂದರೆ ಯಾವ ವಾಹಕದಿಂದ, ಒಳಹೋಗುತ್ತದೆ ಎಂಬ ಪ್ರಶ್ನೆಗೆ ಮಾತ್ರ ಕೋಶಗಳ ಉತ್ತರ ಗಟ್ಟಿ. ಓಎಟಿಪಿ1ಬಿ1 ವಾಹಕದ ಒಂದು ಜೀನ್ ಭೇದ ಸಾಗಣೆಯನ್ನು ಕುಗ್ಗಿಸುತ್ತದೆ ಎಂದು 2001ರಲ್ಲೇ ಆ ವಾಹಕವನ್ನು ಕೂಡಿಸಿದ ಕೋಶಗಳಲ್ಲಿ ಕಂಡಿತ್ತು. 2008ರಲ್ಲಿ ದಿನಕ್ಕೆ 80 ಮಿಲಿಗ್ರಾಂ ಸಿಮ್ವಸ್ಟ್ಯಾಟಿನ್ ನುಂಗಿದವರಲ್ಲಿ, ಆ ಭೇದದ ಒಂದೊಂದು ನಕಲಿಗೂ ಸ್ನಾಯುರೋಗದ ಸಾಧ್ಯತೆ ಸುಮಾರು 4.5 ಪಟ್ಟು ಏರಿದ್ದು ಬ್ರಿಟನ್ನಿನ ಸರ್ಚ್ ಅಧ್ಯಯನದಿಂದ ತಿಳಿಯಿತು. ಯಕೃತ್ತು ಒಳಗೆಳೆದುಕೊಳ್ಳದ ಔಷಧ ರಕ್ತದಲ್ಲೇ ಉಳಿದು ಸ್ನಾಯುಗಳನ್ನು ಮುಟ್ಟಿತ್ತು.

ಕೊಲಾಜನ್ ಪದರಗಳ ನಡುವೆ ಬೆಳೆಸಿದ ಕೋಶಗಳು ಪಿತ್ತದ ಕಿರುನಾಳಗಳನ್ನು ಮತ್ತೆ ಕಟ್ಟಿಕೊಳ್ಳುತ್ತವೆ ಎಂದು ಅವನ್ನೇ ಮುಂದಿಡುವವರಿದ್ದಾರೆ. ಹೊರಹಾಕುವುದನ್ನು ನೋಡಲು ಅವು ಸರಿ. ಆದರೆ ದಿನ ಕಳೆದಂತೆ ಅವುಗಳಲ್ಲಿ ಒಳಸಾಗಣೆಯ ವಾಹಕಗಳೇ ಸೊರಗುತ್ತವೆ. ಬಿಡಿ ಕೋಶಗಳನ್ನು ಬಿಡುವುದು ಬೇಡ. ವರದಿಯಿಂದ ತೆಗೆಯಬೇಕಾದದ್ದು 4 ಡಿಗ್ರಿಯ ಆ ಅಂಕಣವನ್ನು.