ಬರೆಯಲು ಹೊರಟವರು ಮೊದಲು ಕೇಳಲಿ

ತೂಬಗೆರೆಯ ಹೊಸ ಬರಹಗಾರರು ನಮಗೆ ಓದಲು ಕೊಟ್ಟ ಕತೆಗಳಲ್ಲಿ ಒಂದು ಕೊರತೆ ಕಂಡಿತು. ಮನೆಯಲ್ಲಿ ದಖನಿ ಉರ್ದು ಆಡುವ ತಾಯಿ, ಕತೆಯೊಳಗೆ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾಳೆ! ಇವರು ಬಾನು ಮುಷ್ತಾಕ್ ಅವರನ್ನು ಓದಬೇಕು. ಅವರು ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದವರು, ವಕೀಲರು. ನೊಂದವರ ಮಾತು ಕೇಳಿಸಿಕೊಳ್ಳುವುದೇ ಎರಡೂ ಕಸುಬುಗಳ ಮೊದಲ ಪಾಠ. ಅವರ ಕತೆಗಳಲ್ಲಿ ಉರ್ದು, ಅರಬಿ ಪದಗಳು ಅಲಂಕಾರಕ್ಕಲ್ಲ, ಬದುಕಿನೊಂದಿಗೇ ಬಂದಿವೆ. ಕೆಲವೆಡೆ ಕತೆಗಾರ್ತಿಯೇ ಮುಂದೆ ಬಂದು ತೀರ್ಪು ಹೇಳುತ್ತಾರೆನಿಸುತ್ತದೆ. ಅದನ್ನು ಅನುಕರಿಸುವುದು ಬೇಡ.

ದೀಪಾ ಭಾಸ್ತಿ ಅನುವಾದಿಸಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಸಂಕಲನದ 12 ಕತೆಗಳು 1990ರಿಂದ 2023ರ ನಡುವಿನವು. ಮೊದಲ ಬರಹ ವಾಪಸು ಬಂತೆಂದು ಪೆನ್ನು ಕೆಳಗಿಡುವವರಿಗೆ ಈ ಲೆಕ್ಕ ತಿಳಿದಿರಲಿ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೆ ಹೋಗಿ. ನೇಯುವವರಿಗೆ ಸಿಗುವ ಕೂಲಿಯನ್ನು ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಿ. ಕತೆ ಆಮೇಲೆ.